ಕಡಲಿಲ್ಲದ ಸೀಮೆಯ ಬಂದರು

1947ರಲ್ಲಿ, ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯೆಂಬ ಬಂಡೆಗಲ್ಲುಗಳ ಬೆಟ್ಟದ ತಪ್ಪಲಿನಲ್ಲಿ, ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ನೆಲವನ್ನು ಪದರಪದರವಾಗಿ ಬಿಡಿಸುತ್ತ ಹೋದಾಗ, ಅವರು ವಿಶೇಷವಾಗಿ ಅರಸುತ್ತಿದ್ದುದು ಒಂದು ಬಗೆಯ ಮಡಕೆಯ ಚೂರನ್ನು. ಒಳಮೈಯಲ್ಲಿ ಸಣ್ಣ ಹಲ್ಲುಗಾಲಿಯನ್ನು ಉರುಳಿಸಿ ಮೂಡಿಸಿದ ಗೀರುಗಳು ವರ್ತುಲವರ್ತುಲವಾಗಿ ಸುತ್ತುವರಿದಿರುವ, ಬೆರಳಾಡಿಸಿದರೆ ನುಣುಪಾಗಿ ಜಾರುವ ತಟ್ಟೆಯ ಚೂರು ಅದು. ಅಂತಹವೇ ಚೂರುಗಳು ಎರಡು ವರ್ಷಗಳ ಹಿಂದೆ ಪುದುಚೇರಿಯ ಬಳಿ, ಅರಿಕಮೇಡೆಂಬ ಕಡಲತೀರದ ಹಳೆಯ ವ್ಯಾಪಾರಸ್ಥಾನದಲ್ಲಿ, ರೋಮನರ ದ್ರಾಕ್ಷಾರಸದ ಕೊಡಗಳ ಅವಶೇಷಗಳ ಜೊತೆಯಲ್ಲಿ ಅವರಿಗೆ ದೊರೆತಿದ್ದುವು. ಆದುದರಿಂದ ಅವುಗಳ ಕಾಲವು ನಿಶ್ಚಿತವಾಗಿತ್ತು. ಬ್ರಹ್ಮಗಿರಿಯ ಮಣ್ಣಿನಲ್ಲಿಯೂ ಆ ಚೂರು ಸಿಕ್ಕಿತು. ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಸಿಕ್ಕಿತು. ಚಂದ್ರವಳ್ಳಿಯಲ್ಲಿಯಾದರೋ, ಮೈಸೂರಿನ ಎಂ. ಎಚ್. ಕೃಷ್ಣ ಅವರು ಅದಕ್ಕೂ ಮುಂಚೆಯೇ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳನ್ನು ಬೆಳಕಿಗೆ ತಂದಿದ್ದರು.

ವಿದ್ವಾಂಸರಿಗೆ ಆ ಚೂರು ಕಾಲನಿರ್ಣಯದ ಸಾಧನವಾಯಿತು. ಆದರೆ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ. ಪೂರ್ವದ ಕಡಲಿಗೂ ದೂರ, ಪಶ್ಚಿಮದ ಕಡಲಿಗೂ ದೂರ. ಹಡಗಿರಲಿ, ಹರಿಗೋಲನ್ನಾದರೂ ವರ್ಷವಿಡೀ ತೇಲಿಸುವಂತಹ ಹೊಳೆಯಿಲ್ಲ. ವರ್ಷದ ಸರಾಸರಿ ಮಳೆ 500 ಮಿಲಿಮೀಟರಿನ ಆಸುಪಾಸು, ನೆರೆಯ ಚಳ್ಳಕೆರೆಯಲ್ಲಂತೂ ಅದಕ್ಕಿಂತಲೂ ಕಡಮೆ. ಇಂತಹ ನೆಲಕ್ಕೆ ಕಡಲತೀರದ ತಟ್ಟೆ ಬಂದು ಸೇರಿತೆಂದರೆ, ಅದಕ್ಕೆ ಪ್ರತಿಯಾಗಿ ಈ ನೆಲ ಏನನ್ನು ಕೊಟ್ಟಿತು? ಪುಕ್ಕಟೆಯಾಗಿ ಯಾವ ವರ್ತಕನೂ ನೂರಾರು ಮೈಲಿ ನಡೆದು ಬರುವುದಿಲ್ಲ. ಕೊಂಡವರು ಏನನ್ನೋ ಮಾರಿಯೇ ಕೊಂಡಿರಬೇಕು. ಆ ಮಾರಿದ ಸರಕಿನ ಕಥೆಯೇ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ನಿಜವಾದ ಚರಿತ್ರೆಯೆಂದು ನನ್ನ ಭಾವನೆ. ದುರ್ಗದ ಪಾಳೆಯಗಾರರ ಶೌರ್ಯವನ್ನೂ ದುರಂತವನ್ನೂ ತಳುಕಿನ ಮನೆತನದ ತ. ರಾ. ಸು. ಅವರು ಕಾದಂಬರಿಗಳಲ್ಲಿ ಅಮರಗೊಳಿಸಿದರು. ಆದರೆ ಅದೇ ಬಯಲಿನಲ್ಲಿ ಕುರಿಯ ಹಿಂದೆ ನಡೆದವನ, ಕಂಬಳಿಯನ್ನು ಹೊತ್ತು ಸಂತೆಗೆ ಹೋದವನ ಚರಿತ್ರೆಯನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ.

ಈ ನೆಲವು ಹೊರಲೋಕಕ್ಕೆ ಅಪರಿಚಿತವಾಗಿದ್ದ ಕಾಲವು ಬಹುಶಃ ಎಂದೂ ಇರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದಾಗ, ಒಂದೇ ಕಣಿವೆಯ ಸುತ್ತ ಮೂರು ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿಯ ಮಾತು ಕೆತ್ತಲ್ಪಟ್ಟಿದ್ದುದು ಲೋಕಕ್ಕೆ ತಿಳಿಯಿತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ಕಳುಹಿದ ಆಜ್ಞೆ ಅದು. ಅದರ ಕೊನೆಯಲ್ಲಿ ಬರೆದ ಲಿಪಿಕಾರನ ಹೆಸರಿದೆ: ಚಪಡ. ಅವನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲ ಒಬ್ಬ ಬರೆಹಗಾರ ಈ ಕರಿಬಂಡೆಗಳ ನಡುವೆ ನಿಂತು ಉಳಿಯಾಡಿಸಿದವನಿಗೆ ಅಕ್ಷರವನ್ನು ತೋರಿಸಿಕೊಟ್ಟನೆಂದರೆ, ಇಲ್ಲಿಗೆ ದಾರಿಯಿತ್ತು, ದಾರಿಯಿದ್ದಲ್ಲಿ ಸಾರ್ಥವಿತ್ತು, ಸಾರ್ಥವಿದ್ದಲ್ಲಿ ಕೊಡುಕೊಳ್ಳುವಿಕೆ ಇತ್ತು. ಬ್ರಹ್ಮಗಿರಿಯ ಸುತ್ತ ಹರಡಿರುವ ನೂರಾರು ಬೃಹತ್ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳನ್ನಿಟ್ಟು ಮಲಗಿದವರು ಅಶೋಕನ ಆಜ್ಞೆಯನ್ನು ಕೇಳಿ ಮೊದಲ ಬಾರಿಗೆ ಕಣ್ಣು ತೆರೆದವರಲ್ಲ. ಕಲ್ಲುಕೊಡಲಿಯ ಕಾಲದಿಂದಲೂ ಅಲ್ಲಿ ಜನವಸತಿ ನಡೆದುಬಂದಿತ್ತೆಂಬುದನ್ನು ಆ ಉತ್ಖನನವೇ ತೋರಿಸಿತು.

ಕಡಲಿಲ್ಲದ ನಾಡಿನ ವಾಣಿಜ್ಯಕ್ಕೆ ತನ್ನದೇ ಆದ ಒಂದು ಧರ್ಮವುಂಟು. ಪಶ್ಚಿಮ ಆಫ್ರಿಕದ ನಡುನಾಡುಗಳಾದ ಮಾಲಿ, ನೈಜರ್, ಬುರ್ಕಿನಾ ಫಾಸೊಗಳ ಚರಿತ್ರೆಯನ್ನು ಓದುವಾಗ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿಯೂ ಉತ್ತರಕ್ಕೆ ಮರುಭೂಮಿ, ದಕ್ಷಿಣಕ್ಕೆ ಅಡವಿ, ನಡುವೆ ಹುಲ್ಲುಗಾವಲಿನ ಒಣಸೀಮೆ; ಅಲ್ಲಿಯೂ ಸಜ್ಜೆ, ಜೋಳ, ಶೇಂಗಾಗಳ ಬೇಸಾಯ; ಅಲ್ಲಿಯೂ ಮಳೆಯನ್ನು ಬೆನ್ನಟ್ಟಿ ಅಲೆಯುವ ದನಗಾಹಿಗಳು. ಸರಕನ್ನು ಕಡಲಿಗೆ ಒಯ್ಯುವ ಕೂಲಿಯು ಸರಕಿನ ಬೆಲೆಯನ್ನೇ ನುಂಗಿಬಿಡುವಂತಹ ದೂರದಲ್ಲಿರುವ ನಾಡು ಎರಡೇ ಬಗೆಯ ಪದಾರ್ಥಗಳನ್ನು ಲಾಭದಿಂದ ಮಾರಬಲ್ಲದು. ಒಂದು, ಭಾರ ಕಡಮೆಯಾಗಿ ಬೆಲೆ ಹೆಚ್ಚಾಗಿರುವುದು: ಮಾಲಿಗೆ ಚಿನ್ನವು ಹಾಗಿತ್ತು, 1324ರಲ್ಲಿ ಮೆಕ್ಕಾಯಾತ್ರೆಗೆ ಹೊರಟ ಅಲ್ಲಿಯ ಅರಸ ಮಾನ್ಸಾ ಮೂಸಾ ಕೈರೋ ನಗರದಲ್ಲಿ ಚೆಲ್ಲಿದ ಚಿನ್ನದ ಸುದ್ದಿ ಯೂರೋಪಿನವರೆಗೂ ಹಬ್ಬಿತು. ಎರಡು, ತನ್ನನ್ನು ತಾನೇ ಹೊತ್ತುಕೊಂಡು ಹೋಗುವುದು, ಅಂದರೆ ಜಾನುವಾರು. ಬುರ್ಕಿನಾದ ದನಕುರಿಗಳು ಗಾನಾ ಮತ್ತು ಐವರಿ ಕೋಸ್ಟ್ ದೇಶಗಳ ಪೇಟೆಗಳಿಗೆ ಶತಮಾನಗಳಿಂದ ನಡೆದೇ ಹೋಗುತ್ತಿದ್ದುವು. ಅಡವಿಯ ಸೀಮೆಯಿಂದ ಪ್ರತಿಯಾಗಿ ಮೇಲೆ ಬರುತ್ತಿದ್ದುದು, ಅತಿಥಿಗೆ ಮೊದಲು ನೀಡಿ ಗೌರವಿಸುವ, ಬಾಯಲ್ಲಿಟ್ಟು ಅಗಿಯುವ ಕೋಲಾ ಕಾಯಿ. ನಮ್ಮ ಬಯಲಿನ ಕುರಿಯು ಮಲೆನಾಡಿನ ಅಂಚಿಗೆ ಇಳಿದು, ಮಲೆನಾಡಿನ ಅಡಿಕೆಯು ನಮ್ಮ ಬಯಲಿನ ಹರಿವಾಣಕ್ಕೆ ಏರಿಬಂದ ವ್ಯವಹಾರವೂ ಇದೇ ಅಲ್ಲವೆ? ಒಣನೆಲಕ್ಕೂ ಹಸಿನೆಲಕ್ಕೂ ನಡುವೆ ಇರುವ ಈ ನಂಟನ್ನು ಯಾವ ಅರಸನೂ ಕಟ್ಟಲಿಲ್ಲ, ಮಳೆಯೇ ಕಟ್ಟಿತು.

ಚಳ್ಳಕೆರೆಯ ಬಯಲಿನ ಮೊದಲ ಸರಕು ತನ್ನ ಕಾಲ ಮೇಲೆ ತಾನೇ ನಡೆದುಹೋದ ಸರಕು. ಮ್ಯಾಸನಾಯಕರೂ ಕಾಡುಗೊಲ್ಲರೂ ಕುರುಬರೂ ಈ ಸೀಮೆಯ ಹಳೆಯ ಪಶುಪಾಲಕರು. ದುರ್ಗದ ಪಾಳೆಯಗಾರರ ಮನೆತನವೂ ದನಗಾಹಿಗಳ ಮೂಲದಿಂದಲೇ ಬಂದುದೆಂದು ಪ್ರತೀತಿಯಿದೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ಇಂದಿಗೂ ದೇವರ ಎತ್ತುಗಳ ಮಂದೆಗಳುಂಟು. ಅವುಗಳನ್ನು ಕಾಯುವ ಕಿಲಾರಿಯು ನೇಮನಿಷ್ಠೆಯಿಂದ ಬಾಳಬೇಕು. ಆ ದನಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಾಡುಗೊಲ್ಲರ ವೀರರಾದ ಎತ್ತಪ್ಪ, ಜುಂಜಪ್ಪ, ಕ್ಯಾತಪ್ಪರೂ ದನಗಾಹಿಗಳಾಗಿಯೇ ದೇವರಾದವರು. ಚಳ್ಳಕೆರೆ ತಾಲೂಕಿನ ಪುರ್ಲಹಳ್ಳಿಯ ಕ್ಯಾತಪ್ಪನ ಪರಿಷೆಯಲ್ಲಿ ಬಾರೆಮುಳ್ಳಿನ ಗುಡಿಯನ್ನು ಕಟ್ಟಿ, ಬರಿಗಾಲಿನಲ್ಲಿ ಅದನ್ನೇರಿ ಕಳಶವನ್ನು ಕೀಳುವ ಆಚರಣೆಯನ್ನು ಕಂಡವರು, ಮುಳ್ಳಿನ ಬೇಲಿಯೊಳಗೆ ಮಂದೆಯನ್ನು ಕಾಪಾಡಿದ ಜನರ ನೆನಪು ಎಷ್ಟು ಆಳವಾದುದೆಂಬುದನ್ನು ಬಲ್ಲರು. ಮಾರಾಟಕ್ಕೆ ದನಗಳಿದ್ದ ನಾಡಿನಲ್ಲಿ ಮಾರಲಾಗದ ದನಗಳೂ ಇದ್ದುವೆಂಬುದು ಆರ್ಥಿಕ ದೃಷ್ಟಿಯಿಂದಲೂ ಅರ್ಥವುಳ್ಳ ಮಾತು. ಬರಗಾಲದಲ್ಲಿ ಮನೆಯ ಮಂದೆ ಕರಗಿದರೂ ದೇವರ ಮಂದೆ ಉಳಿಯುತ್ತಿತ್ತು. ತಳಿಯ ಬೀಜವು ದೇವರ ಹೆಸರಿನಲ್ಲಿ ಭದ್ರವಾಗಿರುತ್ತಿತ್ತು.

ಅರಸರಿಗೆ ಈ ದನದ ಬೆಲೆ ಬಹುಬೇಗನೆ ತಿಳಿಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆಂಬ ಹೆಸರಿನಿಂದ ವ್ಯವಸ್ಥಿತವಾದ ಅರಮನೆಯ ದನಗಳ ಇಲಾಖೆಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿತು. ಬೂದುಮೈಯ, ಹಿಂದಕ್ಕೆ ಬಾಗಿ ಮೇಲಕ್ಕೇರಿದ ಚೂಪುಗೊಂಬಿನ, ಬಿಗಿಗಾಲಿನ ಆ ಎತ್ತುಗಳು ಫಿರಂಗಿಗಳನ್ನು ಎಳೆದು ಸೇನೆಯ ಜೊತೆಗೆ ಓಡುತ್ತಿದ್ದುವು. ಅವುಗಳ ಬಲದಿಂದ ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿ ಚಿದಂಬರದ ನೆರವಿಗೆ ಹೋದನೆಂದು ಬರೆದಿಟ್ಟಿದ್ದಾರೆ. 1799ರ ಅನಂತರ ಆ ಮಂದೆಗಳು ಬ್ರಿಟಿಷರ ಕೈಸೇರಿದುವು; 1860ರಲ್ಲಿ ಅವರು ಅವನ್ನು ಮಾರಿ ಚೆದರಿಸಿದರು; ಸೈನ್ಯಕ್ಕೆ ಎತ್ತುಗಳ ಕೊರತೆಯುಂಟಾದಾಗ ತಪ್ಪನ್ನರಿತು 1866ರಲ್ಲಿ ಪುನಃ ಕೂಡಿಸಿದರು; 1882ರಲ್ಲಿ ಮೈಸೂರು ಸರಕಾರವು ಅವನ್ನು ವಹಿಸಿಕೊಂಡಿತು. ಈ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ‘ಕಾವಲು’ಗಳು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಅವನ್ನು ವಿಂಗಡಿಸಿ, ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಮಂದೆಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಒಂದಕ್ಕೆ ನಡೆಸುತ್ತಿದ್ದರು. ಚಳ್ಳಕೆರೆ ತಾಲೂಕಿನ ಕುದಾಪುರ, ವರವು, ಉಳ್ಳಾರ್ತಿಗಳ ಕಾವಲುಗಳು ಇಂತಹವು. ಬೆಳೆಯುವ ಬೆಳೆಯನ್ನು ಮಾತ್ರ ಸಂಪತ್ತೆಂದು ಎಣಿಸುವವರಿಗೆ ಅವು ‘ಬೀಳು’ಗಳಾಗಿ ಕಾಣಬಹುದು, ಹುಲ್ಲನ್ನು ಸಂಪತ್ತೆಂದು ಬಲ್ಲವರಿಗೆ ಅವು ಭಂಡಾರಗಳು.

ಕುರಿಯ ನಡಿಗೆ ದನದ ನಡಿಗೆಗಿಂತ ದೀರ್ಘವಾದುದು. ಸುಗ್ಗಿ ಮುಗಿದು ಬಯಲಿನ ಹುಲ್ಲು ಒಣಗಿದ ಮೇಲೆ ಮಂದೆಗಳು ಪಶ್ಚಿಮದ ನೀರಾವರಿಯ ಸೀಮೆಗಳತ್ತ ಹೊರಡುತ್ತವೆ. ಅಲ್ಲಿ ಕೊಯ್ದ ಗದ್ದೆಯಲ್ಲಿ, ಕಟ್ಟೆಯ ಬದಿಯ ತೋಟದಲ್ಲಿ, ಒಂದು ರಾತ್ರಿ ಎರಡು ರಾತ್ರಿ ಮಂದೆ ನಿಲ್ಲಿಸಿದರೆ, ಬಿದ್ದ ಹಿಕ್ಕೆ–ಗಂಜಲಗಳು ಗದ್ದೆಗೆ ಗೊಬ್ಬರವಾಗುತ್ತವೆ. ಅದಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳು ದೊರೆಯುತ್ತದೆ, ಈಚೆಗೆ ಹಣ. ಹೀಗೆ ಕುರಿಯು ತನ್ನ ಮಾಂಸವನ್ನು ಮಾರುವುದಕ್ಕೂ ಮೊದಲು ಉಣ್ಣೆಯನ್ನು ಮಾರುತ್ತದೆ, ಉಣ್ಣೆಯ ಜೊತೆಗೆ ಗೊಬ್ಬರವನ್ನು ಮಾರುತ್ತದೆ, ಇವೆರಡನ್ನೂ ಮಾರಿ ಮರಿಯೊಂದಿಗೆ ಮನೆಗೆ ಹಿಂದಿರುಗುತ್ತದೆ. ಎರಡು ಬಾರಿ ಮಾರಿದರೂ ಮುಗಿಯದ ಇಂತಹ ಸರಕು ಬೇರೆ ಯಾವುದಿದೆ? ದನದ ಪರಿಷೆಗಳಲ್ಲಿ ವ್ಯಾಪಾರ ಕುದುರುವ ಬಗೆಯೂ ಮಾತಿಗಿಂತ ಸ್ಪರ್ಶದ್ದು: ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು, ಬೆರಳುಗಳನ್ನು ಒತ್ತಿ ಬೆಲೆಯನ್ನು ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆಯು ಇಬ್ಬರ ಅಂಗೈಗಳಲ್ಲೇ ಹುಟ್ಟಿ ಅಲ್ಲೇ ಇತ್ಯರ್ಥವಾಗುತ್ತದೆ. ಆಮೇಲೆ ಅದಕ್ಕೆ ಕಾಗದ ಬೇಕಾಗಿರಲಿಲ್ಲ.

ನಡೆಯುವ ಸರಕಿನ ಮೈಯಿಂದಲೇ ಹೊರುವ ಸರಕು ಹುಟ್ಟಿತು: ಅದು ಕಂಬಳಿ. ಈ ಸೀಮೆಯ ಕರಿಕುರಿಯ ಉಣ್ಣೆಗೆ ಬಣ್ಣದ ಹಂಗಿಲ್ಲ. ಕುರಿಯ ಕಪ್ಪೇ ಕಂಬಳಿಯ ಕಪ್ಪು. ವರ್ಷಕ್ಕೆ ಎರಡು ಬಾರಿ ಉಣ್ಣೆಯನ್ನು ಕತ್ತರಿಸುತ್ತಾರೆ. ಮೊದಲ ಕತ್ತರಿಗೆ ಬಂದ ಮರಿಯ ಉಣ್ಣೆ ಎಲ್ಲಕ್ಕಿಂತ ಮೃದು. ಮುಳ್ಳು, ಕಸ, ಮಣ್ಣುಗಳನ್ನು ಆರಿಸಿದ ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಮೀಟಿ ಹಿಂಜಿದರೆ, ಗಂಟುಗಂಟಾಗಿದ್ದುದು ಹೊಗೆಯಂತೆ ಅರಳುತ್ತದೆ. ಅದನ್ನು ಹಂಜಿ ಮಾಡಿ ಮನೆಯ ಹೆಂಗಸರು ನೂಲುತ್ತಾರೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಬೆರಳಿಗೂ ಆ ಕೆಲಸ ಗೊತ್ತು. ಹಾಸಿನ ನೂಲನ್ನು ಬೀದಿಯಲ್ಲಿ ಉದ್ದಕ್ಕೆ ಕಟ್ಟಿ, ಹುಣಸೆಬೀಜವನ್ನು ನೆನೆಸಿ ಅರೆದು ಕುದಿಸಿದ ಸರಿಯನ್ನು ಬಳಿದು, ಕುಂಚದಿಂದ ನೇವರಿಸುತ್ತ ಒಣಗಿಸುತ್ತಾರೆ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕುಂಚ ಹಿಡಿದವನು ಹೋಗಿ ಬರುವಷ್ಟರಲ್ಲಿ ಎಳೆಗಳು ಬಿಗಿಯಾಗಿ, ಒಂದಕ್ಕೊಂದು ಅಂಟದೆ, ಬಿಸಿಲಿಗೆ ಹೊಳೆಯತೊಡಗುತ್ತವೆ. ಆಮೇಲೆ ಅದು ಗುಣಿಮಗ್ಗವನ್ನೇರುತ್ತದೆ. ಹೀಗೆ ಸಿದ್ಧವಾದ ಕಂಬಳಿಯನ್ನು ಗೊಪ್ಪೆ ಹಾಕಿಕೊಂಡರೆ ಮಳೆಗೆ ಕೊಡೆ, ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ, ನಾಲ್ಕು ಮೂಲೆ ಕಟ್ಟಿದರೆ ಕಾಳಿನ ಮೂಟೆ. ಮಡಿಸಿ ಹಾಸಿ ಅದರ ಮೇಲೆ ದೇವರನ್ನಿಟ್ಟರೆ ಕರಿಕಂಬಳಿಯ ಗದ್ದುಗೆ. ಮಲೆನಾಡಿನ ಜಡಿಮಳೆಯಲ್ಲಿ ನಾಟಿ ಮಾಡುವ ಒಕ್ಕಲಿಗನಿಗೆ ಬೇಕಾದುದನ್ನು ಮಳೆಯನ್ನೇ ಕಾಣದ ನೆಲವು ನೇಯ್ದು ಕಳುಹಿದುದು ಎಂತಹ ಸಂಗತಿ! ಚಳ್ಳಕೆರೆಯ ಕಂಬಳಿಯ ಸಂತೆಗೆ ನೆರೆನಾಡುಗಳಿಂದ ವ್ಯಾಪಾರಿಗಳು ಬಂದು ಕಟ್ಟುಕಟ್ಟಾಗಿ ಕೊಂಡೊಯ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ.

ಉಪ್ಪಿನ ಮಾತನ್ನೂ ಇಲ್ಲಿ ಹೇಳತಕ್ಕುದು. ಕಡಲಿಲ್ಲದ ನಾಡಿಗೆ ಉಪ್ಪೇ ಮೊದಲ ಋಣ. ಸಹಾರದ ತೌದೆನಿಯ ಗಣಿಗಳಲ್ಲಿ ಹಲಗೆಹಲಗೆಯಾಗಿ ಕಡಿದ ಉಪ್ಪನ್ನು ಒಂಟೆಗಳ ಮೇಲೆ ಹೇರಿ ಮಾಲಿಯ ತಿಂಬಕ್ತುವಿಗೆ ತರುತ್ತಿದ್ದಂತೆ, ನಮ್ಮ ಸೀಮೆಗೆ ಕಡಲುಪ್ಪು ಹೇರೆತ್ತುಗಳ ಬೆನ್ನ ಮೇಲೆ ಬರುತ್ತಿತ್ತು. ಲಂಬಾಣಿಗರ ಹೇರುಗಳು ಉಪ್ಪನ್ನು ತಂದು ಕಾಳನ್ನು ಒಯ್ಯುತ್ತಿದ್ದುವು. ಆದರೆ ಹೇರು ಬರುವವರೆಗೆ ಕಾಯದೆ, ಮೈಸೂರಿನ ಪೂರ್ವದ ಒಣಸೀಮೆಗಳಲ್ಲಿ ಉಪ್ಪಾರರು ಚೌಳುಮಣ್ಣನ್ನು ಕೆರೆದು, ನೀರಿನಲ್ಲಿ ಕರಗಿಸಿ, ಬಸಿದು, ಬಿಸಿಲಿಗಿಟ್ಟು ಮಣ್ಣುಪ್ಪನ್ನು ಮಾಡುತ್ತಿದ್ದರು. ಬೆಳೆಗೆ ಶತ್ರುವಾದ ಚೌಳು ಅಡುಗೆಗೆ ಮಿತ್ರನಾಗುವಂತೆ ಮಾಡಿದ ಆ ವೃತ್ತಿ ಈಗ ಕುಲದ ಹೆಸರಿನಲ್ಲಿ ಮಾತ್ರ ಉಳಿದಿದೆ.

ಕಂಬಳಿ ಚಳ್ಳಕೆರೆಯದಾದರೆ ರೇಷ್ಮೆ ಮೊಳಕಾಲ್ಮೂರಿನದು. ಮಾಲಿಗೆ ಚಿನ್ನವು ಹೇಗೋ ಹಾಗೆ, ಭಾರವಿಲ್ಲದೆ ಬೆಲೆಯುಳ್ಳ ಸರಕು ಈ ಪುಟ್ಟ ಊರಿಗೆ ಸೀರೆಯ ರೂಪದಲ್ಲಿ ಒದಗಿತು. ಆದರೆ ಒಂದು ಭೇದವಿದೆ: ಚಿನ್ನವನ್ನು ನೆಲ ಕೊಡುತ್ತದೆ, ಸೀರೆಯನ್ನು ಕೈ ಕೊಡುತ್ತದೆ. ನೂಲು ಮೈಸೂರಿನ ರೇಷ್ಮೆ ಸೀಮೆಯದು, ಜರಿ ಸೂರತ್ತಿನದು, ಉಡುವವರು ಎಲ್ಲೆಲ್ಲಿಯವರೋ, ಮೊಳಕಾಲ್ಮೂರಿನದು ಕುಶಲತೆಯೊಂದೇ. ಅಲ್ಲಿಯ ನೇಕಾರರ ಮನೆಯ ಹೊಸ್ತಿಲಲ್ಲಿ ನಿಂತರೆ, ಒಳಗಿನ ಮಬ್ಬಿನಲ್ಲಿ ಮೊದಲು ಕಿವಿಗೆ ಕೆಲಸ, ಆಮೇಲೆ ಕಣ್ಣಿಗೆ. ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ಹಲಗೆಯನ್ನು ತನ್ನತ್ತ ಎಳೆದು ಬಡಿಯುತ್ತಾನೆ. ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಎರಡು ಲಾಳಿ, ಹೀಗೆ ಮೂರು ಲಾಳಿಗಳು ಒಂದೇ ಎಳೆಯ ಸಾಲಿನಲ್ಲಿ ಸಂಧಿಸಿ ಹಿಂದಿರುಗುತ್ತವೆ. ಒಡಲ ಬಣ್ಣವೂ ಅಂಚಿನ ಬಣ್ಣವೂ ಕೂಡುವ ಗೆರೆಯಲ್ಲಿ ಒಂದು ಇನ್ನೊಂದರೊಳಕ್ಕೆ ಹರಿಯದಂತೆ, ಆದರೆ ಎಲ್ಲಿಯೂ ಬಿರುಕು ಬಿಡದಂತೆ ಕೊಂಡಿ ಹಾಕುವುದೇ ಈ ನೇಯ್ಗೆಯ ಪ್ರಾಣ. ಪಕ್ಕದಲ್ಲಿ ಮನೆಯಾಕೆ ಕಂಡಿಕೆ ಸುತ್ತುತ್ತಾಳೆ. ಹಣ್ಣು, ಹೂವು, ಹಕ್ಕಿಗಳ ಬುಟ್ಟಾಗಳು ಒಂದೊಂದಾಗಿ ಮೂಡಿ, ಹಲವು ದಿನಗಳ ದುಡಿಮೆಯು ತೋಳಿನ ಮೇಲೆ ಹಾಕಿಕೊಂಡು ಹೋಗಬಹುದಾದಷ್ಟು ಹಗುರವಾದ ಒಂದು ಮಡಿಕೆಯಾಗುತ್ತದೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿರುವುದು ನ್ಯಾಯವಾದುದೇ. ಆದರೆ ಅಗ್ಗದ ವಿದ್ಯುನ್ಮಗ್ಗದ ಬಟ್ಟೆಯೆದುರು ಆ ಮಾನ್ಯತೆಯು ನೇಕಾರನ ಕೂಲಿಯಾಗಿ ಪರಿಣಮಿಸಿದರೆ ಮಾತ್ರ ಅದಕ್ಕೆ ಸಾರ್ಥಕತೆ.

ಮೊಳಕಾಲ್ಮೂರಿನ ಇನ್ನೊಂದು ವಿಶೇಷವು ಅದರ ಗಡಿ. ಭೂಪಟವನ್ನು ನೋಡಿದರೆ ಈ ತಾಲೂಕು ಹಳೆಯ ಮೈಸೂರಿನ ಮೈಯಿಂದ ಹೊರಚಾಚಿದ ಬೆರಳಿನಂತಿದೆ. ಸ್ವಾತಂತ್ರ್ಯಕ್ಕೆ ಮೊದಲು ಅದರ ಬಹುಪಾಲು ಸುತ್ತಲೂ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೇ ಇತ್ತು. ಅತ್ಯಂತ ಹತ್ತಿರದ ದೊಡ್ಡ ಪೇಟೆಯಾದ ರಾಯದುರ್ಗವು ಪರಪ್ರಾಂತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಗಡಿ ಸರಿದರೂ ಸಂತೆ ಸರಿಯಲಿಲ್ಲ. ಅತ್ತಣಿಂದ ಇತ್ತ ಕೊಡುವ ಹೆಣ್ಣು ತರುವ ಹೆಣ್ಣು, ಕನ್ನಡ ತೆಲುಗುಗಳೆರಡರಲ್ಲಿಯೂ ಸಲೀಸಾಗಿ ಕುದುರುವ ವ್ಯಾಪಾರ, ಒಂದೇ ಮಗ್ಗದ ವಿದ್ಯೆ, ಒಂದೇ ಮಳೆಯ ನಿರೀಕ್ಷೆ ಇವು ಎರಡು ಕಡೆಗೂ ಸಮಾನವಾಗಿಯೇ ಉಳಿದುವು. ಗಡಿಯೊಂದು ಮುಚ್ಚಿದರೆ ಒಳನಾಡಿನ ಗತಿ ಏನಾಗುವುದೆಂಬುದನ್ನು ಮಾಲಿಯು ಕಂಡಿತು: 1960ರಲ್ಲಿ ಸೆನೆಗಲ್ಲಿಗೂ ಅದಕ್ಕೂ ನಡುವೆ ಇದ್ದ ಒಕ್ಕೂಟ ಮುರಿದಾಗ, ಡಾಕಾರಿನ ಬಂದರಿಗೆ ಹೋಗುವ ರೈಲುಮಾರ್ಗ ಗಡಿಯಲ್ಲಿ ನಿಂತುಹೋಯಿತು, 1963ರವರೆಗೆ ಅದರ ಸರಕು ಐವರಿ ಕೋಸ್ಟ್ ದೇಶದ ದಾರಿಯಿಂದ ಲಾರಿಗಳಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. ನಮ್ಮ ಗಡಿ ಒಂದೇ ದೇಶದ ಎರಡು ರಾಜ್ಯಗಳ ಗಡಿಯಾದುದು ನಮ್ಮ ಭಾಗ್ಯವೆಂದೇ ಹೇಳಬೇಕು. ತೆರಿಗೆಯ ತಪಾಸಣೆಯ ಕಟ್ಟೆಗಳ ಮುಂದೆ ಲಾರಿಗಳು ಸಾಲುಗಟ್ಟುತ್ತಿದ್ದ ಪರಿಪಾಠವೂ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ನಿಂತಿತು.

ಇದುವರೆಗೆ ಹೇಳಿದುದೆಲ್ಲವೂ ಹಗುರವಾದ ಸರಕು, ಇಲ್ಲವೆ ನಡೆಯುವ ಸರಕು. ಭಾರವಾದ ಸರಕು ಹೊರಹೋಗುವ, ಅದಕ್ಕಿಂತ ಮುಖ್ಯವಾಗಿ ಒಳಬರುವ, ದಾರಿಯಿಲ್ಲದೆ ಹೋದುದರ ಕಠೋರ ಫಲವನ್ನು 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ತೋರಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಮದ್ರಾಸಿನ ಬಂದರಿಗೆ ಕಾಳು ಬಂದರೂ, ಅದನ್ನು ಒಣಸೀಮೆಗೆ ಎಳೆದು ತರಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದುವು. ಎತ್ತು ಸತ್ತ ಮೇಲೆ ಗಾಡಿ ಬರಿಯ ಮರ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವೂ, ಒಳನಾಡಿಗೆ ಹಬ್ಬಿದ ರೈಲುಮಾರ್ಗಗಳೂ ಈ ದುಃಖದ ಸ್ಮರಣೆಯಿಂದ ಬೇರೆಯಾದುವಲ್ಲ. ಜಲಾಶಯದ ಫಲ ಹಿರಿಯೂರಿನ ಸೀಮೆಗೆ ಹೆಚ್ಚಾಗಿ ಸಂದಿತು; ಕೆಳಗಿನ ಪರಶುರಾಮಪುರದ ಕಡೆಗೆ ಹೊಳೆಯು ಮರಳಾಗಿ ಉಳಿಯಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮತ್ತೆ ಕೋಡಿ ಬಿದ್ದುದು 2022ರಲ್ಲಿ! ಆದರೆ ಮುಂದೆ ಚಳ್ಳಕೆರೆಯ ಭಾಗ್ಯದ ದಿಕ್ಕೇ ಬದಲಾಯಿತು.

ಆ ಹೊಸ ಭಾಗ್ಯದ ಹೆಸರು ಶೇಂಗಾ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳಲ್ಲಿ ಲೋಕವನ್ನು ಸುತ್ತಿದ ಈ ಕಾಯಿ ಪಶ್ಚಿಮ ಆಫ್ರಿಕದ ಒಣನೆಲಕ್ಕೂ ನಮ್ಮ ಒಣನೆಲಕ್ಕೂ ಒಂದೇ ಬಗೆಯಲ್ಲಿ ಒಗ್ಗಿತು. ಕೆಂಪುಮಣ್ಣು, ಅಲ್ಪಮಳೆ, ನೂರುಚಿಲ್ಲರೆ ದಿನಗಳ ಬೆಳೆ. ಬಳ್ಳಿಯು ದನಕ್ಕೆ ಮೇವು, ಕಾಳು ಗಾಣಕ್ಕೆ, ಹಿಂಡಿ ಎತ್ತಿಗೆ. ಗಾಣಿಗರ ಮರದ ಗಾಣಗಳ ಜಾಗದಲ್ಲಿ ಯಂತ್ರದ ಗಿರಣಿಗಳು ಎದ್ದುವು; ಮಂಡಿಗಳು ತೆರೆದುವು; ಸುಗ್ಗಿಯಲ್ಲಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಶೇಂಗಾದ ರಾಶಿಗಳು ಬೆಟ್ಟಗಳಾದುವು; ಹಮಾಲರ ಬೆನ್ನಿಗೆ ಬಿಡುವಿಲ್ಲದಾಯಿತು; ಗಾಳಿಯಲ್ಲಿ ಬಿಸಿ ಹಿಂಡಿಯ ವಾಸನೆ ತುಂಬಿತು. ಮುಂಬಯಿಯ ಅನಂತರ ಎಣ್ಣೆಯ ವ್ಯಾಪಾರದಲ್ಲಿ ಚಳ್ಳಕೆರೆಯದೇ ಹೆಸರೆಂದು ಜನರು ಹೆಮ್ಮೆಯಿಂದ ‘ಎಣ್ಣೆ ನಗರ’ವೆಂದು, ‘ಎರಡನೆಯ ಮುಂಬಯಿ’ಯೆಂದು ಕರೆದರು. ಕಡಲನ್ನೇ ಕಾಣದ ಊರಿಗೆ ಕಡಲತೀರದ ಮಹಾನಗರದ ಹೆಸರು ಬಂದುದು ಆ ಕಾಲದ ಉತ್ಸಾಹಕ್ಕೆ ಸಾಕ್ಷಿ.

ಆದರೆ ಒಂದೇ ಬೆಳೆಯ ಮೇಲೆ ನಿಂತ ಐಶ್ವರ್ಯವು ಒಂದೇ ಕಂಬದ ಮೇಲೆ ನಿಂತ ಚಪ್ಪರ. ನೈಜರ್ ದೇಶಕ್ಕೆ 1960ರ ದಶಕದಲ್ಲಿ ಶೇಂಗಾ ಪ್ರಧಾನವಾದ ರಫ್ತಾಗಿತ್ತು. 1968ರಿಂದ 1974ರವರೆಗೆ ಸಾಹೇಲ್ ಪ್ರದೇಶವನ್ನು ಸುಟ್ಟ ಬರವು ಆ ವ್ಯಾಪಾರವನ್ನು ನೆಲಕ್ಕೆ ಕೆಡವಿತು. ಚಳ್ಳಕೆರೆಯ ಶೇಂಗಾಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಮೇಲಿಂದ ಮೇಲೆ ಬಂದ ಬರವು ಹೊಲದಲ್ಲಿ ಕಾಯಿ ಕಟ್ಟದಂತೆ ಮಾಡಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಕಡಲಾಚೆಯಿಂದ ಬಂದ ಅಗ್ಗದ ಎಣ್ಣೆಯು ಗಿರಣಿಯಲ್ಲಿ ಎಣ್ಣೆಗೆ ಬೆಲೆ ಕಟ್ಟದಂತೆ ಮಾಡಿತು. ಹಲವು ಗಿರಣಿಗಳ ಬಾಗಿಲು ಮುಚ್ಚಿತು. ಕಡಲು ದೂರವಿದ್ದಾಗ ಸಾಗಣೆಯ ಕಷ್ಟವೇ ನಮಗೆ ಕೋಟೆಯೂ ಆಗಿತ್ತು. ದೂರವು ಅಳಿದಾಗ ಕೋಟೆಯೂ ಅಳಿಯಿತು. ಶೇಂಗಾದ ಭರಾಟೆಯಲ್ಲಿ ನವಣೆ, ಸಾವೆ, ಕೊರಲೆಗಳ ಹೊಲಗಳು ಕಿರಿದಾದುವು. ಮಳೆ ಕೈಕೊಟ್ಟ ವರ್ಷ ಮನೆಯ ಕಣಜದಲ್ಲಿ ತಿನ್ನಲು ಇದ್ದುದು ಕಡಮೆಯಾಯಿತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಈ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನರು ಇಂದಿಗೂ ಕೃತಜ್ಞತೆಯಿಂದ ನೆನೆಯುವರು. ಅರಸನಲ್ಲದ ವಿರಕ್ತನೊಬ್ಬನು ಈ ನೆಲದಲ್ಲಿ ದೇವರೆನಿಸಿಕೊಂಡುದು ಕೆರೆ ಕಟ್ಟಿಸಿದುದರಿಂದ. ಹೊರಗಿನಿಂದ ಬರುವ ಸಂಪತ್ತಿಗಿಂತ ಒಳಗೆ ನಿಲ್ಲಿಸಿಕೊಂಡ ನೀರು ಇಲ್ಲಿ ದೊಡ್ಡದು ಎಂಬ ಅರಿವು ಆ ಭಕ್ತಿಯಲ್ಲಿದೆ.

ಈಗ ಹಿಂದಿರುಗಿ ನೋಡಿದರೆ, ಈ ಸೀಮೆಯ ಸರಕುಗಳಲ್ಲಿ ಬಹುಕಾಲ ಬಾಳಿದುವು ಯಾವುವು? ಅಮೃತ ಮಹಲಿನ ಎತ್ತು, ದೇವರ ಎತ್ತು, ಕುರಿಯ ಮಂದೆ, ಕರಿಯ ಕಂಬಳಿ. ಇವೆಲ್ಲವುಗಳ ಬೇರು ಒಂದೇ: ಉಳದೆ ಬಿಟ್ಟ ಹುಲ್ಲಿನ ನೆಲ. ಬಂದರೆಂದರೇನು? ಒಬ್ಬನ ಸ್ವತ್ತಾಗಿರದೆ ಎಲ್ಲರ ಸರಕೂ ತಂಗಿ, ಬೆಳೆದು, ಲೋಕದತ್ತ ಹೊರಡುವ ಠಾವು. ಆ ಅರ್ಥದಲ್ಲಿ ಕಾವಲುಗಳೇ ಈ ಕಡಲಿಲ್ಲದ ಸೀಮೆಯ ಬಂದರುಗಳಾಗಿದ್ದುವು. ಭೂಮಿಯಿಲ್ಲದ ಬಡವನೂ ಹತ್ತು ಕುರಿಗಳನ್ನು ಅಲ್ಲಿ ಮೇಯಿಸಿ ವ್ಯಾಪಾರಿಯಾಗಬಹುದಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳ ಸುಮಾರು 10,000 ಎಕರೆ ನೆಲವು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ಉನ್ನತ ವಿದ್ಯೆಗಳ ಸಂಸ್ಥೆಗಳಿಗೆ ಸಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವು ಕುದಾಪುರದಲ್ಲಿ ನೆಲೆಗೊಂಡಿತು. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ, ಆಕಾಶದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ಪುನರ್ಬಳಕೆಯ ವಾಹನವು ತಾನಾಗಿಯೇ ದಾರಿ ಹಿಡಿದು ಅಲ್ಲಿಯ ಓಡುಹಾದಿಯ ಮೇಲೆ ಇಳಿಯಿತು. ಕಡಲ ಬಂದರಿಲ್ಲದ ನೆಲಕ್ಕೆ ಆಕಾಶದ ಬಂದರು ದೊರೆತುದಕ್ಕೆ ಹೆಮ್ಮೆಪಡದ ಕನ್ನಡಿಗನಿಲ್ಲ, ನಾನೂ ಹೆಮ್ಮೆಪಟ್ಟವನೇ.

ಆದರೂ ಆ ಸಂಸ್ಥೆಗಳ ಗೋಡೆಯ ಈಚೆ ನಿಂತ ಕುರಿಗಾಹಿಯ ಪ್ರಶ್ನೆಯು ಪ್ರಶ್ನೆಯಾಗಿಯೇ ಉಳಿದಿದೆ. ಹಸುರು ನ್ಯಾಯಪೀಠದವರೆಗೂ ಆ ಪ್ರಶ್ನೆ ಹೋಗಿಬಂತು. ಲೋಕದ ಕಣ್ಣಿಗೆ ಬಂಜರಾಗಿ ಕಂಡ ನೆಲವು ಅವನ ಲೆಕ್ಕದಲ್ಲಿ ಉಣ್ಣೆ, ಗೊಬ್ಬರ, ಮಾಂಸ, ಹಾಲು, ಮದುವೆಯ ಖರ್ಚು, ಮಗಳ ವಿದ್ಯೆ ಎಲ್ಲವೂ ಆಗಿತ್ತು. ವಿಜ್ಞಾನಕ್ಕೆ ಸ್ಥಳ ಬೇಕು, ಹುಲ್ಲಿಗೂ ಬೇಕು. ಇನ್ನೂ ಉಳಿದಿರುವ ಕಾವಲುಗಳನ್ನಾದರೂ ಬೀಳೆಂದು ಬರೆಯದೆ, ಈ ಸೀಮೆಯ ಮೂಲಧನವೆಂದು ಬರೆದುಕೊಂಡು ಕಾಯುವುದು, ಕಂಬಳಿಗೂ ಸೀರೆಗೂ ಕೈದುಡಿಮೆಗೆ ತಕ್ಕ ಬೆಲೆ ದೊರಕಿಸುವುದು, ಶೇಂಗಾದ ಪಕ್ಕದ ಸಾಲಿನಲ್ಲಿ ಸಾವೆ–ನವಣೆಗಳನ್ನು ಮರಳಿ ಬಿತ್ತುವುದು, ಇವು ಚರಿತ್ರೆಯು ನಮಗೆ ತೋರಿಸುವ ದಾರಿಗಳು.

ಬ್ರಹ್ಮಗಿರಿಯ ತಪ್ಪಲಿಗೆ ಎರಡು ಸಾವಿರ ವರ್ಷಗಳ ಹಿಂದೆ ಕಡಲತೀರದ ತಟ್ಟೆಯೊಂದನ್ನು ತಂದ ವರ್ತಕನು ಇಲ್ಲಿಂದ ಏನನ್ನು ಕೊಂಡೊಯ್ದನೆಂಬುದನ್ನು ಬಂಡೆಯ ಬರೆಹ ಹೇಳುವುದಿಲ್ಲ. ತಟ್ಟೆ ಒಡೆದರೂ ಮಣ್ಣಿನಲ್ಲಿ ಉಳಿಯುತ್ತದೆ; ಉಣ್ಣೆ ಕರಗುತ್ತದೆ, ದನದ ಹೆಜ್ಜೆ ಅಳಿಯುತ್ತದೆ, ಹುಲ್ಲಿಗೆ ಶಾಸನವಿಲ್ಲ. ಆದುದರಿಂದ ನಾವು ಕೊಂಡ ವಸ್ತುವಿಗೆ ವಸ್ತುಸಂಗ್ರಹಾಲಯದಲ್ಲಿ ಸ್ಥಾನವಿದೆ, ನಾವು ಕೊಟ್ಟ ವಸ್ತುವಿಗೆ ಇಲ್ಲ. ಅದರ ಸಾಕ್ಷಿ ಬೇಕಾದವರು ಸಿದ್ದಾಪುರದಿಂದ ಸಂಜೆಯ ಹೊತ್ತು ಬಯಲಿಗೆ ಇಳಿದು ನಿಂತರೆ ಸಾಕು. ಧೂಳೆಬ್ಬಿಸುತ್ತ ಹಟ್ಟಿಗೆ ಮರಳುವ ಮಂದೆಯ ಹಿಂದೆ, ಹೆಗಲ ಮೇಲೆ ಕರಿಯ ಕಂಬಳಿಯನ್ನು ಹಾಕಿಕೊಂಡು ಒಬ್ಬನು ನಡೆದು ಬರುತ್ತಾನೆ.